ವಿದ್ಯಾರ್ಥಿಯ ದಿನಚರಿ ಮತ್ತು ಆರೋಗ್ಯ: ಮಹಾನಗರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಉನ್ನತ ಶಿಕ್ಷಣವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗಳಲ್ಲಿ ಪಠ್ಯಕ್ರಮ, ಪರೀಕ್ಷಾ ಪದ್ಧತಿ, ಬೋಧನಾ ಮಾಧ್ಯಮ ಮತ್ತು ಉದ್ಯೋಗಾವಕಾಶಗಳಿಗೆ ಸಾಕಷ್ಟು ಸ್ಥಾನ ದೊರೆತಿದೆ. ಆದರೆ ಇವೆಲ್ಲವನ್ನೂ ಹೊರಬೇಕಾದ ವಿದ್ಯಾರ್ಥಿಯ ದೇಹ ಮನಸ್ಸುಗಳ ಸ್ಥಿತಿಯನ್ನು ಕುರಿತ ಚಿಂತನೆ ವಿರಳವೆಂದೇ ಹೇಳಬೇಕು. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸು ಸಹಜವಾಗಿಯೇ ಆರೋಗ್ಯದ ವಯಸ್ಸು ಎಂಬ ನಂಬಿಕೆ ಇದಕ್ಕೆ ಒಂದು ಕಾರಣ. ವಿದ್ಯಾರ್ಥಿ ಕಷ್ಟಪಡಲೇಬೇಕು, ಸುಖವನ್ನು ಬಯಸುವವನಿಗೆ ವಿದ್ಯೆ ದಕ್ಕದು ಎಂಬ ಪರಂಪರಾಗತ ಭಾವನೆ ಇನ್ನೊಂದು ಕಾರಣ. ಈ ಎರಡೂ ಗ್ರಹಿಕೆಗಳ ಪರಿಣಾಮವಾಗಿ ವಿದ್ಯಾರ್ಥಿಯ ಆರೋಗ್ಯ ಕೆಟ್ಟಾಗ ಅದು ಅವನ ಅಶಿಸ್ತಿನ ಫಲವೆಂದು ತೀರ್ಮಾನಿಸುವುದು ನಮಗೆ ಸುಲಭವಾಗಿದೆ.

ಈ ತೀರ್ಮಾನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರನಾಡಿನ ಮಹಾನಗರಗಳಲ್ಲಿ, ವಿಶೇಷವಾಗಿ ಮುಂಬಯಿಯಲ್ಲಿ, ಓದುತ್ತಿರುವ ಕನ್ನಡ ವಿದ್ಯಾರ್ಥಿಗಳ ದಿನಚರಿಯನ್ನು ಆಧಾರವಾಗಿಟ್ಟುಕೊಂಡು, ಅವರ ಆರೋಗ್ಯ ಮತ್ತು ಬದುಕಿನ ಗುಣಮಟ್ಟವನ್ನು ನಿರ್ಧರಿಸುವ ಅಂಶಗಳು ಯಾವುವು, ಅವುಗಳಲ್ಲಿ ವಿದ್ಯಾರ್ಥಿಯ ಕೈಯಲ್ಲಿರುವುದೆಷ್ಟು, ಸಂಸ್ಥೆಯ ಕೈಯಲ್ಲಿರುವುದೆಷ್ಟು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಆರೋಗ್ಯದ ವ್ಯಾಪ್ತಿ

1946ರಲ್ಲಿ ರಚಿತವಾಗಿ 1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವನ್ನು ಕೇವಲ ರೋಗವಿಲ್ಲದಿರುವ ಸ್ಥಿತಿಯೆಂದು ಭಾವಿಸದೆ, ಶಾರೀರಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮದ ಪರಿಪೂರ್ಣ ಸ್ಥಿತಿಯೆಂದು ನಿರೂಪಿಸಿತು. ಮುಂದೆ 1990ರ ದಶಕದಲ್ಲಿ ಅದೇ ಸಂಸ್ಥೆ ಬದುಕಿನ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿತು. ಜಗತ್ತಿನ 15 ಕೇಂದ್ರಗಳು ಕೂಡಿ ನಡೆಸಿದ ಈ ಕಾರ್ಯದಲ್ಲಿ ನಮ್ಮ ದೆಹಲಿ ಮತ್ತು ಚೆನ್ನೈ ನಗರಗಳೂ ಪಾಲ್ಗೊಂಡಿದ್ದವು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜೀವನಮಟ್ಟವೆಂದರೆ ಆದಾಯ, ಮನೆ, ವಸ್ತುಸೌಕರ್ಯಗಳ ಲೆಕ್ಕ. ಬದುಕಿನ ಗುಣಮಟ್ಟವೆಂದರೆ ವ್ಯಕ್ತಿಯು ತನ್ನ ಸಂಸ್ಕೃತಿ, ಮೌಲ್ಯ, ಗುರಿ, ನಿರೀಕ್ಷೆಗಳ ಚೌಕಟ್ಟಿನಲ್ಲಿ ತನ್ನ ಸ್ಥಿತಿಯನ್ನು ತಾನೇ ಹೇಗೆ ಕಾಣುತ್ತಾನೆ ಎಂಬುದು.

ಈ ಪ್ರಶ್ನಾವಳಿಯ ಸಂಕ್ಷಿಪ್ತ ರೂಪದಲ್ಲಿ ಒಟ್ಟು 26 ಪ್ರಶ್ನೆಗಳಿವೆ. ಎರಡು ಪ್ರಶ್ನೆಗಳು ಸಾಮಾನ್ಯ ಸ್ವರೂಪದವು. ಉಳಿದ 24ರಲ್ಲಿ ನಿದ್ರೆ, ನೋವು, ದಣಿವು ಮೊದಲಾದ ಶಾರೀರಿಕ ವಿಷಯಗಳಿಗೆ 7, ಏಕಾಗ್ರತೆ, ಆತ್ಮಗೌರವ, ವಿಷಾದ ಮೊದಲಾದ ಮಾನಸಿಕ ವಿಷಯಗಳಿಗೆ 6, ಸಾಮಾಜಿಕ ಸಂಬಂಧಗಳಿಗೆ 3, ಪರಿಸರಕ್ಕೆ 8 ಪ್ರಶ್ನೆಗಳು ಮೀಸಲಾಗಿವೆ. ಪರಿಸರವೆಂದರೆ ಇಲ್ಲಿ ಹಣಕಾಸು, ಸುರಕ್ಷಿತತೆ, ವಾಸಸ್ಥಳ, ಸಂಚಾರ ಸೌಕರ್ಯ, ವೈದ್ಯಕೀಯ ಸೇವೆ, ಮಾಹಿತಿ, ಬಿಡುವು ಮತ್ತು ಸುತ್ತಲಿನ ಗಾಳಿ, ಗದ್ದಲ ಇತ್ಯಾದಿ. ನಾಲ್ಕು ವಿಭಾಗಗಳಲ್ಲಿ ಅತ್ಯಂತ ವಿಸ್ತಾರವಾದುದು ಪರಿಸರ ವಿಭಾಗವೇ. ಆದರೆ ವಿದ್ಯಾರ್ಥಿಗಳಿಗೆ ನಾವು ನೀಡುವ ಉಪದೇಶಗಳೆಲ್ಲ, ಅಂದರೆ ಬೇಗ ಏಳಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ವ್ಯಾಯಾಮ ಮಾಡಬೇಕು ಎಂಬಂಥವು, ಮೊದಲ ವಿಭಾಗಕ್ಕೆ ಸೇರಿದವು. ಉಪದೇಶ ತಪ್ಪಲ್ಲ. ಅದನ್ನು ಪಾಲಿಸಲು ಅವಕಾಶವಿದೆಯೇ ಎಂಬ ಪ್ರಶ್ನೆಯನ್ನು ನಾವು ಕೇಳುತ್ತಿಲ್ಲ.

ರಾತ್ರಿಶಾಲೆಯಿಂದ ವಿದ್ಯಾನಗರಿಯವರೆಗೆ

ಮುಂಬಯಿ ಕನ್ನಡಿಗರ ಶೈಕ್ಷಣಿಕ ಇತಿಹಾಸದಲ್ಲಿ ರಾತ್ರಿಶಾಲೆಗಳಿಗೆ ವಿಶಿಷ್ಟ ಸ್ಥಾನವಿದೆ. ಕರಾವಳಿಯಿಂದ ಬಂದು ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿ ಕೋಟೆ ಪ್ರದೇಶದ ಮತ್ತು ಇತರ ಬಡಾವಣೆಗಳ ಶಾಲೆಗಳಲ್ಲಿ ಅಕ್ಷರ ಕಲಿತು, ಮುಂದೆ ಉದ್ಯಮಿಗಳೂ ವಕೀಲರೂ ಪ್ರಾಧ್ಯಾಪಕರೂ ಆದವರ ಕಥೆಗಳನ್ನು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನ ನ್ಯಾಯವಾದದ್ದೇ. ಆದರೆ ದಾರಿಯಲ್ಲಿಯೇ ಕುಸಿದವರ, ಕ್ಷಯಕ್ಕೆ ತುತ್ತಾದವರ, ಊರಿಗೆ ಹಿಂದಿರುಗಿದವರ ಕಥೆಗಳು ಸ್ಮರಣ ಸಂಚಿಕೆಗಳಿಗೆ ಬರುವುದಿಲ್ಲ. ಗೆದ್ದವರ ದಾರಿಯನ್ನು ನೋಡಿ ಆ ದಾರಿ ಎಲ್ಲರಿಗೂ ಸಾಧ್ಯವೆಂದು ಹೇಳುವುದು ಸರಿಯಾದ ಅಧ್ಯಯನ ಕ್ರಮವಾಗಲಾರದು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಕಾನೂನು ನಿಷೇಧಿಸಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಆದರೂ ಆ ಕಾಲದ ಹೋಟೆಲ್ ಹುಡುಗನ ಬದುಕಿನಲ್ಲಿ ಒಂದು ಅಂಶ ಗಮನಾರ್ಹ. ದುಡಿಮೆ, ಊಟ, ಮಲಗುವ ಜಾಗ, ಶಾಲೆ ಮತ್ತು ಗೆಳೆಯರ ಬಳಗ ಇವೆಲ್ಲ ಬಹುಮಟ್ಟಿಗೆ ನಡೆದು ಹೋಗುವಷ್ಟು ದೂರದಲ್ಲಿದ್ದವು. ಸೌಕರ್ಯ ಅತ್ಯಲ್ಪವಾಗಿದ್ದರೂ ದಿನ ಚೂರುಚೂರಾಗಿರಲಿಲ್ಲ. ಇಂದಿನ ಕನ್ನಡ ಕುಟುಂಬಗಳು ಡೊಂಬಿವಲಿ, ಕಲ್ಯಾಣ, ಮೀರಾ ರೋಡ್, ವಿರಾರ್, ನವಿ ಮುಂಬಯಿಗಳವರೆಗೆ ಹರಡಿವೆ. ಚರ್ಚ್‌ಗೇಟಿನಿಂದ ವಿರಾರಿಗೆ ರೈಲುದಾರಿ ಸುಮಾರು 60 ಕಿಲೋಮೀಟರು. ಮನೆ ಒಂದು ಕಡೆ, ಉದ್ಯೋಗ ಇನ್ನೊಂದು ಕಡೆ, ಸಾಂತಾಕ್ರೂಜ್ ಪೂರ್ವದ ವಿದ್ಯಾನಗರಿ ಮತ್ತೊಂದು ಕಡೆ. ಹೀಗೆ ದೂರವೇ ಆರೋಗ್ಯದ ಒಂದು ಮುಖ್ಯ ಅಂಶವಾಗಿ ಪರಿಣಮಿಸಿದೆ.

ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕ

ಉದಾಹರಣೆಗಾಗಿ, ಡೊಂಬಿವಲಿಯಲ್ಲಿ ವಾಸಿಸುತ್ತ ಅರ್ಧ ದಿನದ ಕೆಲಸ ಮಾಡಿ ಸ್ನಾತಕೋತ್ತರ ತರಗತಿಗೆ ಬರುವ ವಿದ್ಯಾರ್ಥಿನಿಯೊಬ್ಬಳ ದಿನವನ್ನು ಕಲ್ಪಿಸಿಕೊಳ್ಳೋಣ. ಕುರ್ಲಾವರೆಗೆ ರೈಲು, ಅಲ್ಲಿಂದ ಬಸ್ಸು ಅಥವಾ ಪಾಲಿನ ರಿಕ್ಷಾ, ನಡುವೆ ಕಾಯುವ ಹೊತ್ತು ಎಲ್ಲ ಸೇರಿ ಹೋಗಿಬರಲು ಮೂರೂವರೆ ಗಂಟೆ. ಕೆಲಸಕ್ಕೆ ಐದು ಗಂಟೆ. ತರಗತಿಗೆ ನಾಲ್ಕು ಗಂಟೆ. ಸ್ನಾನ, ಊಟ, ನೀರು ತುಂಬಿಸುವುದು, ಅಡುಗೆಯಲ್ಲಿ ತಾಯಿಗೆ ನೆರವಾಗುವುದು ಇವಕ್ಕೆ ಮೂರು ಗಂಟೆ. ಒಟ್ಟು ಹದಿನೈದೂವರೆ ಗಂಟೆ. ಉಳಿಯುವುದು ಎಂಟೂವರೆ ಗಂಟೆ. ಇದರಲ್ಲಿ ಎರಡೂವರೆ ಗಂಟೆ ಓದಿದರೆ ನಿದ್ರೆಗೆ ಆರು ಗಂಟೆ. ಗೆಳತಿಯೊಂದಿಗೆ ಮಾತು, ಗ್ರಂಥಾಲಯದಲ್ಲಿ ಸುಮ್ಮನೆ ಪುಸ್ತಕ ತಿರುವಿಹಾಕುವ ಸುಖ, ಒಂದು ನಾಟಕ, ಒಂದು ನಡಿಗೆ ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ. ರೈಲು ತಡವಾದ ದಿನ, ಮನೆಗೆ ನೆಂಟರು ಬಂದ ದಿನ, ಪ್ರಬಂಧ ಒಪ್ಪಿಸಬೇಕಾದ ಹಿಂದಿನ ರಾತ್ರಿ ಕಡಿತವಾಗುವುದು ಯಾವಾಗಲೂ ನಿದ್ರೆಯೇ.

ಈ ಲೆಕ್ಕದಲ್ಲಿ ಎಲ್ಲಿಯೂ ಸೋಮಾರಿತನವಿಲ್ಲ ಎಂಬುದನ್ನು ಗಮನಿಸಬೇಕು. ತರಗತಿಯ ಕೊನೆಯ ಬೆಂಚಿನಲ್ಲಿ ತೂಕಡಿಸುವ ವಿದ್ಯಾರ್ಥಿಯಲ್ಲಿ ಆಸಕ್ತಿಯ ಕೊರತೆಯಿದೆಯೆಂದು ಅಧ್ಯಾಪಕರಾದ ನಾವು ಎಷ್ಟೋ ಬಾರಿ ಭಾವಿಸುತ್ತೇವೆ. ಆ ತೂಕಡಿಕೆಯ ಹಿಂದೆ ಬೆಳಗಿನ ಐದು ಗಂಟೆಯ ಎಚ್ಚರವಿರಬಹುದು.

ನಿದ್ರೆ

18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ರೆ ಅಗತ್ಯವೆಂದು ಅಮೆರಿಕದ ರಾಷ್ಟ್ರೀಯ ನಿದ್ರಾ ಪ್ರತಿಷ್ಠಾನವು 2015ರಲ್ಲಿ ಪ್ರಕಟಿಸಿದ ಶಿಫಾರಸು ಹೇಳುತ್ತದೆ. ಮೇಲಿನ ಉದಾಹರಣೆಯ ವಿದ್ಯಾರ್ಥಿನಿ ಕನಿಷ್ಠ ಪ್ರಮಾಣಕ್ಕಿಂತಲೂ ದಿನಕ್ಕೆ ಒಂದು ಗಂಟೆ, ವಾರದ ಆರು ದಿನಗಳಲ್ಲಿ ಆರು ಗಂಟೆ ಕಡಮೆ ಮಲಗುತ್ತಾಳೆ. ಹಗಲು ಕಲಿತದ್ದು ಸ್ಮೃತಿಯಲ್ಲಿ ನೆಲೆಗೊಳ್ಳುವ ಕ್ರಿಯೆ ಬಹುಮಟ್ಟಿಗೆ ನಿದ್ರೆಯಲ್ಲಿಯೇ ನಡೆಯುತ್ತದೆ. ಆದ್ದರಿಂದ ನಿದ್ದೆಗೆಟ್ಟು ಓದಿದವನು ಒಂದು ಕೈಯಿಂದ ಗಳಿಸಿದ್ದನ್ನು ಇನ್ನೊಂದು ಕೈಯಿಂದ ಕಳೆಯುತ್ತಾನೆ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಕುಡಿಯುವ ಕಾಫಿಯ ಕೆಫೀನ್ ಅಂಶ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಗಳಷ್ಟು ಬೇಕು. ಹತ್ತು ಗಂಟೆಗೆ ಕುಡಿದ ಕಾಫಿ ಬೆಳಗಿನ ಮೂರು ಗಂಟೆಯಲ್ಲಿಯೂ ಸಾಕಷ್ಟು ಉಳಿದಿರುತ್ತದೆ. ಹಾಸಿಗೆಯಲ್ಲಿ ಹಿಡಿದ ಮೊಬೈಲ್ ಫೋನು ನಿದ್ರೆಯ ಶತ್ರುವೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ದಿನವೆಲ್ಲ ತನ್ನದೆನ್ನುವ ಒಂದು ಗಂಟೆಯೂ ಸಿಗದವರು ಆ ಗಂಟೆಯನ್ನು ರಾತ್ರಿಯಿಂದ ಕಿತ್ತುಕೊಳ್ಳುತ್ತಾರೆ ಎಂಬುದನ್ನೂ ಅರಿಯಬೇಕು.

ಅನ್ನ

ಕನ್ನಡ ನಾಡಿನ ವಿದ್ಯಾಭ್ಯಾಸದ ಇತಿಹಾಸದಲ್ಲಿ ವಾರಾನ್ನದ ಅಧ್ಯಾಯ ಮರೆಯಲಾಗದ್ದು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದವರ ಪೀಳಿಗೆಯೇ ನಮ್ಮಲ್ಲಿತ್ತು. ಮಠಗಳ ಪ್ರಸಾದ ನಿಲಯಗಳು ಮತ್ತು ಜಾತಿಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಅನ್ನದ ಪ್ರಶ್ನೆಗೆ ಹೆಚ್ಚು ವ್ಯವಸ್ಥಿತವಾದ ಉತ್ತರವನ್ನು ಕೊಟ್ಟವು. ವಿದ್ಯೆಗೆ ಮೊದಲು ಅನ್ನ ಬೇಕೆಂಬ ಅರಿವು ಈ ವ್ಯವಸ್ಥೆಗಳ ಮೂಲದಲ್ಲಿದೆ. ವಾರಾನ್ನದ ಹುಡುಗನಿಗೆ ಹಸಿವಿನೊಂದಿಗೆ ಇನ್ನೊಬ್ಬರ ಹೊಸ್ತಿಲಲ್ಲಿ ಕಾಯುವ ಸಂಕೋಚವೂ ಇತ್ತು. ಬದುಕಿನ ಗುಣಮಟ್ಟದಲ್ಲಿ ಅನ್ನದಷ್ಟೇ ಆತ್ಮಗೌರವವೂ ಸೇರಿದೆಯೆಂಬುದನ್ನು ಆ ಅನುಭವ ತೋರಿಸುತ್ತದೆ.

ಮಹಾನಗರದ ವಿದ್ಯಾರ್ಥಿಗೆ ಹಸಿವು ಬೇರೆ ವೇಷದಲ್ಲಿ ಬರುತ್ತದೆ. ಬೆಳಗಿನ ತಿಂಡಿಗೆ ಹೊತ್ತಿಲ್ಲ. ಮಧ್ಯಾಹ್ನ ವಡಾಪಾವ್ ಮತ್ತು ಅರ್ಧ ಲೋಟ ಚಹಾ. ರಾತ್ರಿ ಹತ್ತು ಗಂಟೆಗೆ ದಿನದ ಏಕೈಕ ಪೂರ್ಣ ಊಟ. ಹೊಟ್ಟೆ ತುಂಬುತ್ತದೆ, ಆದರೆ ಕಬ್ಬಿಣಾಂಶ, ಪ್ರೋಟೀನು, ಸೊಪ್ಪು, ಹಣ್ಣು ಕಡಮೆಯಾಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೂ ಪುರುಷರಲ್ಲಿ ಶೇಕಡಾ 25ರಷ್ಟು ಮಂದಿಗೂ ರಕ್ತಹೀನತೆಯಿದೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಪ್ರತಿ ಡೆಸಿಲೀಟರಿಗೆ 12 ಗ್ರಾಮಿಗಿಂತ, ಪುರುಷನಲ್ಲಿ 13 ಗ್ರಾಮಿಗಿಂತ ಕಡಮೆಯಿದ್ದರೆ ಅದು ರಕ್ತಹೀನತೆ. ಇದರ ಲಕ್ಷಣಗಳು ದಣಿವು, ಮಂಕು, ಏಕಾಗ್ರತೆಯ ಕೊರತೆ, ಮೆಟ್ಟಿಲು ಹತ್ತಿದರೆ ಏದುಸಿರು. ಅಂದರೆ ದಡ್ಡತನವೆಂದು ನಾವು ಹೆಸರಿಟ್ಟದ್ದು ಕೆಲವೊಮ್ಮೆ ರಕ್ತದ ಬಡತನವಾಗಿರಬಹುದು. ಒಂದು ಸರಳ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ವೈದ್ಯರ ಸಲಹೆಯಂತೆ ತೆಗೆದುಕೊಳ್ಳುವ ಅಗ್ಗದ ಮಾತ್ರೆಗಳಿಂದ ಗುಣವಾಗುತ್ತದೆ.

ನಮ್ಮ ಅಡುಗೆಮನೆಯ ಜ್ಞಾನವೂ ಇಲ್ಲಿ ಉಪಯುಕ್ತ. ಉತ್ತರ ಕರ್ನಾಟಕದ ಮತ್ತು ಸೊಲ್ಲಾಪುರದ ಕಡೆಯ ಮನೆಗಳ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿಗಳು ಬುತ್ತಿಗೆ ಹೇಳಿಮಾಡಿಸಿದಂಥವು. ಕಾಳನ್ನು ಮೊಳಕೆ ಬರಿಸುವುದರಿಂದ ಕಬ್ಬಿಣಾಂಶ ಹೀರಿಕೆಗೆ ಅಡ್ಡಿಯಾಗುವ ಫೈಟೇಟ್ ಕಡಮೆಯಾಗಿ ಸಿ ಜೀವಸತ್ವ ಹೆಚ್ಚುತ್ತದೆ. ಊಟದೊಂದಿಗೆ ಹಿಂಡಿದ ನಿಂಬೆಹಣ್ಣು ಕಬ್ಬಿಣಾಂಶದ ಹೀರಿಕೆಗೆ ಸಹಾಯಕ, ಊಟದ ಬೆನ್ನಿಗೇ ಕುಡಿದ ಚಹಾ ಅದಕ್ಕೆ ಮಾರಕ. ಚಹಾ ಬೇಕೆಂದರೆ ಒಂದು ಗಂಟೆ ಕಳೆಯಲಿ. ಇಷ್ಟು ಮಾತ್ರ ವಿದ್ಯಾರ್ಥಿಯ ಕೈಯಲ್ಲಿದೆ. ಬುತ್ತಿಯನ್ನು ಬಿಚ್ಚಿ ಕುಳಿತು ಉಣ್ಣಲು ನೆರಳಿನ ಜಾಗ ಮತ್ತು ಎರಡು ತರಗತಿಗಳ ನಡುವೆ ಅರ್ಧ ಗಂಟೆಯ ಬಿಡುವು ಸಂಸ್ಥೆಯ ಕೈಯಲ್ಲಿವೆ.

ವಾಸ ಮತ್ತು ಪರಿಸರ

ವಾಸಸ್ಥಳದ ಇಕ್ಕಟ್ಟು ಮಹಾನಗರದ ಇನ್ನೊಂದು ಸಮಸ್ಯೆ. ಗಾಳಿ ಬೆಳಕು ಸಾಲದ ಕೋಣೆಯಲ್ಲಿ ನಾಲ್ಕಾರು ಮಂದಿ ಮಲಗುವ ಕಡೆ ಕ್ಷಯ ಸುಲಭವಾಗಿ ಹರಡುತ್ತದೆ. ಎರಡು ವಾರ ಮೀರಿದ ಕೆಮ್ಮನ್ನು ಹವೆಯ ದೋಷವೆಂದು ಕಡೆಗಣಿಸದೆ ಕಫ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯೂ ಔಷಧಿಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮಳೆಗಾಲದಲ್ಲಿ ಮಲೇರಿಯಾ, ಡೆಂಗಿಗಳ ಜೊತೆಗೆ ಇಲಿಜ್ವರದ ಭಯವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದ ಬಳಿಕ ನಗರದಲ್ಲಿ ಈ ಜ್ವರ ಹಬ್ಬಿದ್ದು ಹಲವರ ನೆನಪಿನಲ್ಲಿರಬೇಕು. ಕಾಲಿನಲ್ಲಿ ಗಾಯವಿದ್ದು ನಿಂತ ನೀರಿನಲ್ಲಿ ನಡೆದವರು ಜ್ವರ ಬಂದೊಡನೆ ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ವಿದ್ಯಾರ್ಥಿನಿಯರಿಗೆ ಸಂಬಂಧಿಸಿದ ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ದಾರಿಯಲ್ಲಿಯೂ ಕಾಲೇಜುಗಳಲ್ಲಿಯೂ ಸ್ವಚ್ಛವಾದ ಶೌಚಾಲಯವಿಲ್ಲದಿರುವಾಗ ಎಷ್ಟೋ ಮಂದಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ತಲೆನೋವು, ಸುಸ್ತು ಮತ್ತು ಮೂತ್ರನಾಳದ ಸೋಂಕು ಇದರ ಫಲ. ಮುಟ್ಟಿನ ದಿನಗಳಲ್ಲಿ ತರಗತಿಗೆ ಗೈರುಹಾಜರಾಗುವುದಕ್ಕೂ ಇದು ಕಾರಣವಾಗುತ್ತದೆ. ನೀರು ಕುಡಿಯಿರಿ ಎಂಬ ಭಿತ್ತಿಪತ್ರಕ್ಕಿಂತ ಬಾಗಿಲಿಗೆ ಚಿಲಕವಿರುವ, ನಲ್ಲಿಯಲ್ಲಿ ನೀರು ಬರುವ ಶೌಚಾಲಯ ಇಲ್ಲಿ ಹೆಚ್ಚಿನ ಆರೋಗ್ಯ ಶಿಕ್ಷಣವನ್ನು ನೀಡುತ್ತದೆ.

ದೂರ ಮತ್ತು ಸಂಚಾರವೊಂದೇ ಸಮಸ್ಯೆಯೆಂದು ತಿಳಿಯಬಾರದೆಂಬುದಕ್ಕೆ 2020ರ ಅನುಭವ ಸಾಕ್ಷಿಯಾಗಿದೆ. ಕೋವಿಡ್ ಕಾರಣದಿಂದ ಆ ವರ್ಷದ ಮಾರ್ಚ್ ತಿಂಗಳಲ್ಲಿ ಸ್ಥಳೀಯ ರೈಲುಗಳು ನಿಂತು ಪಾಠಗಳು ದೂರವಾಣಿಯ ಪರದೆಗೆ ಬಂದಾಗ ಪ್ರಯಾಣದ ದಣಿವು ಒಮ್ಮೆಗೇ ಇಲ್ಲವಾಯಿತು. ಆದರೆ ಒಂದೇ ಕೋಣೆಯ ಮನೆಗಳಲ್ಲಿ ಓದಲು ಮೂಲೆಯಿರಲಿಲ್ಲ, ಗ್ರಂಥಾಲಯವಿರಲಿಲ್ಲ, ಸಹಪಾಠಿಯ ಮುಖವಿರಲಿಲ್ಲ. ಉಳಿದ ಸಮಯವು ಬದುಕಿನ ಗುಣಮಟ್ಟವಾಗಿ ಪರಿವರ್ತನೆ ಹೊಂದಲಿಲ್ಲ. ಸಮಯದೊಂದಿಗೆ ಸ್ಥಳವೂ ಸಂಗವೂ ಬೇಕೆಂಬುದು ಅಂದು ಸ್ಪಷ್ಟವಾಯಿತು.

ಮನಸ್ಸು, ಸಂಗ, ಭಾಷೆ

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿಗಳ ಪ್ರಕಾರ ದೇಶದಲ್ಲಿ 2021ರಲ್ಲಿ 13,089, 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕೆ ಸರಾಸರಿ ಮೂವತ್ತೈದಕ್ಕೂ ಹೆಚ್ಚು. ಪರಿಸ್ಥಿತಿಯ ಗಾಂಭೀರ್ಯವನ್ನು ಮನಗಂಡ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್ ತಿಂಗಳಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು.

ಇಂತಹ ದುರಂತಗಳನ್ನು ಪರೀಕ್ಷೆಯ ಸೋಲು ಎಂಬ ಒಂದೇ ಕಾರಣಕ್ಕೆ ಇಳಿಸುವುದು ಸರಿಯಲ್ಲ. ಸಾಲ, ಮನೆಯವರ ನಿರೀಕ್ಷೆ, ಜಾತಿಯ ಅವಮಾನ, ಪ್ರೇಮದ ನಿರಾಶೆ, ಖಿನ್ನತೆಯಂತಹ ಕಾಯಿಲೆ, ಎಲ್ಲಕ್ಕಿಂತ ಮಿಗಿಲಾಗಿ ಒಂಟಿತನ ಇವು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಸದಾ ಬರುತ್ತಿದ್ದವರು ಬರದಾಗುವುದು, ಗೆಳೆಯರಿಂದ ದೂರ ಸರಿಯುವುದು, ವೇಷಭೂಷಣಗಳಲ್ಲಿ ಅಲಕ್ಷ್ಯ, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು ಇವು ಗಮನಿಸಬೇಕಾದ ಸೂಚನೆಗಳು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬ ಭಯ ನಿರಾಧಾರವಾದುದು. ಕನಿಕರದಿಂದ ಕೇಳಿದ ನೇರ ಪ್ರಶ್ನೆ ಬಹುಮಟ್ಟಿಗೆ ಎದೆಯ ಭಾರವನ್ನು ಇಳಿಸುತ್ತದೆ.

ಇಲ್ಲಿ ಭಾಷೆಯ ಪ್ರಶ್ನೆ ಮುಖ್ಯವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಮಹಾನಗರಕ್ಕೆ ಬಂದ ಯುವಕನಿಗೆ ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ ಮತ್ತು ಮರಾಠಿ ವ್ಯವಹಾರಕ್ಕೆ ಸಾಲುತ್ತವೆ. ಆದರೆ ಸಂಕಟವನ್ನು ಹೇಳಿಕೊಳ್ಳಲು ಅವು ಸಾಲವು. ಬೇಸರ, ಬೇಜಾರು, ಹೊಟ್ಟೆಯಲ್ಲಿ ಸಂಕಟ, ಜೀವ ಹಿಂಡಿದಂತೆ ಎಂಬ ಮಾತುಗಳ ಛಾಯೆಗಳು ಅನ್ಯಭಾಷೆಯ ಆಪ್ತಸಮಾಲೋಚಕರಿಗೆ ಪೂರ್ಣವಾಗಿ ತಲಪುವುದು ಕಷ್ಟ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ದೊರೆಯುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಹೊರನಾಡಿನ ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಗೂ ಈ ಸಂಖ್ಯೆ ತಿಳಿದಿರಬೇಕು. ಈ ದೃಷ್ಟಿಯಿಂದ ನೋಡಿದಾಗ ಹೊರನಾಡಿನ ಕನ್ನಡ ವಿಭಾಗವು ಸಾಹಿತ್ಯಾಧ್ಯಯನದ ಕೇಂದ್ರವಾಗಿರುವುದರ ಜೊತೆಗೆ ವಿದ್ಯಾರ್ಥಿಯೊಬ್ಬ ತನ್ನ ನುಡಿಯಲ್ಲಿ ಉಸಿರಾಡಬಹುದಾದ ಜಾಗವೂ ಆಗಿದೆ. ಸಾಮಾಜಿಕ ಸಂಬಂಧವೆಂದು ಆ ಪ್ರಶ್ನಾವಳಿ ಕರೆಯುವುದು ಇಂತಹ ಜಾಗಗಳಲ್ಲಿಯೇ ಬೆಳೆಯುತ್ತದೆ.

ಸಂಸ್ಥೆಯ ಹೊಣೆ

ಆರೋಗ್ಯವನ್ನು ವಿಶ್ವವಿದ್ಯಾಲಯದ ಆಡಳಿತ ಮತ್ತು ದೈನಂದಿನ ವ್ಯವಹಾರಗಳ ಅಂಗವಾಗಿಸಬೇಕೆಂದು 2015ರಲ್ಲಿ ಕೆನಡಾದಲ್ಲಿ ರೂಪುಗೊಂಡ ಒಕನಾಗನ್ ಸನ್ನದು ಕರೆ ನೀಡಿತು. ನಮ್ಮ ಸಂದರ್ಭದಲ್ಲಿ ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗ ದೂರದಿಂದ ಬರುವವರ ಮತ್ತು ದುಡಿಯುವವರ ಅನುಕೂಲವನ್ನು ಗಮನಿಸಿ, ಆರು ದಿನಗಳಿಗೆ ಚದುರಿದ ತರಗತಿಗಳನ್ನು ನಾಲ್ಕು ದಿನಗಳಿಗೆ ಕೂಡಿಸಬಹುದು. ಮೇಲಿನ ಉದಾಹರಣೆಯ ವಿದ್ಯಾರ್ಥಿನಿಗೆ ಎರಡು ದಿನಗಳ ಪ್ರಯಾಣ ತಪ್ಪಿದರೆ ವಾರಕ್ಕೆ ಏಳು ಗಂಟೆಗಳವರೆಗೆ ಉಳಿಯಬಹುದು. ಅವಳ ನಿದ್ರೆಯ ವಾರದ ಕೊರತೆ ಆರು ಗಂಟೆಯೆಂಬುದನ್ನು ಓದುಗರು ನೆನೆಯಬೇಕು. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿರುವ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿನ ‘ದುಡಿ ಮತ್ತು ಕಲಿ’ ಯೋಜನೆಯಂತೆ ಗ್ರಂಥಾಲಯ, ಕಚೇರಿಗಳಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ದೊರೆತರೆ ದುಡಿಮೆ ಮತ್ತು ಓದು ಒಂದೇ ಆವರಣದಲ್ಲಿ ನಡೆಯುತ್ತವೆ. ಪ್ರವೇಶದ ಸಮಯದಲ್ಲಿ ಹಿಮೋಗ್ಲೋಬಿನ್, ಕಣ್ಣು ಮತ್ತು ರಕ್ತದೊತ್ತಡದ ಪರೀಕ್ಷೆ, ವಿಶ್ರಾಂತಿಗೊಂದು ಕೋಣೆ, ಉಪಾಹಾರಗೃಹದಲ್ಲಿ ಕರಿದ ತಿಂಡಿಯ ಬೆಲೆಗೇ ದೊರೆಯುವ ಕಾಳು ಪಲ್ಯ, ಚಪಾತಿ ಇವು ಅಸಾಧ್ಯವಾದ ಬೇಡಿಕೆಗಳಲ್ಲ.

ಕನ್ನಡ ಸಂಘಸಂಸ್ಥೆಗಳೂ ಈ ಕಾರ್ಯದಲ್ಲಿ ನೆರವಾಗಬಹುದು. ಸನ್ಮಾನ, ಸಮಾರಂಭಗಳ ವೆಚ್ಚದ ಒಂದು ಪಾಲನ್ನು ವಿದ್ಯಾರ್ಥಿಗಳ ರೈಲು ಪಾಸಿಗೋ ಊಟಕ್ಕೋ ಮೀಸಲಿಟ್ಟು, ಅದನ್ನು ಪಡೆಯುವವರ ಹೆಸರನ್ನು ವೇದಿಕೆಯಲ್ಲಿ ಸಾರದೆ ಕೊಟ್ಟರೆ ವಾರಾನ್ನದ ಔದಾರ್ಯ ಉಳಿದು ಅದರ ಸಂಕೋಚ ಅಳಿಯುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ವಿದ್ಯಾರ್ಥಿಯ ಆರೋಗ್ಯವು ಅವನ ವೈಯಕ್ತಿಕ ಶಿಸ್ತಿನಿಂದ ಎಷ್ಟೋ ಅಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಅವನ ದಿನವು ಹಂಚಿಹೋಗಿರುವ ಬಗೆಯಿಂದ ನಿರ್ಧಾರವಾಗುತ್ತದೆ. ನಿದ್ರೆ, ಅನ್ನ, ವಾಸ, ಸಂಗ ಈ ನಾಲ್ಕೂ ಆ ದಿನದೊಳಗೆ ಸ್ಥಳಕ್ಕಾಗಿ ಸ್ಪರ್ಧಿಸುತ್ತವೆ. ಸ್ಥಳವನ್ನು ಹೆಚ್ಚಿಸುವ ಸಾಮರ್ಥ್ಯ ವಿದ್ಯಾರ್ಥಿಗಿಂತ ಸಂಸ್ಥೆಗೆ ಅಧಿಕವಾಗಿದೆ. ಎದುರಾದವರನ್ನು ‘ಊಟ ಆಯಿತೇ?’ ಎಂದು ವಿಚಾರಿಸುವುದು ನಮ್ಮ ನಾಡಿನ ಹಳೆಯ ರೂಢಿ. ಗೈರುಹಾಜರಿಯ ಕಾರಣವನ್ನು ಕೇಳುವ ಮೊದಲು ಅಧ್ಯಾಪಕರು ಈ ಪ್ರಶ್ನೆಯನ್ನು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಲ್ಲುವುದಾದರೆ, ಎಷ್ಟೋ ಪ್ರತಿಭೆಗಳು ನಡುದಾರಿಯಲ್ಲಿ ಓದು ಬಿಡುವುದನ್ನು ತಪ್ಪಿಸಬಹುದಾಗಿದೆ.